ಬೂದಿ ಬಣ್ಣದ ದಾರ

ಶ್ರಾವಣದ ಎರಡನೆಯ ಸೋಮವಾರ. ಪೂಜೆಗೆಂದು ಬಿಲ್ವಪತ್ರೆ ತೊಳೆಯುತ್ತಿದ್ದೆ... ಆಗ ಸುದ್ದಿ ಬಂತು.

ನನ್ನ ತಂಗಿ ದಾಕ್ಷಾಯಣಿ ಲಿಂಗೈಕ್ಯಳಾಗಿದ್ದಳು.

ಗದಗಿನಲ್ಲಿ ಅವಳ ಟೇಲರಿಂಗ್ ಅಂಗಡಿ ನನ್ನ ಮನೆಯಿಂದ ಮೂರೇ ಓಣಿ ದೂರ. ಆದರೂ ಹನ್ನೊಂದು ವರ್ಷ ನಾನು ಅಲ್ಲಿ ಕಾಲಿಟ್ಟಿರಲಿಲ್ಲ...

ಕಾರಣ ಹೇಳಿದರೆ ನೀವು ನಗಬಹುದು. ಒಂದು ಪೆಟ್ಟಿಗೆ ದಾರ.

ಮೊದಲು ಆ ಅಂಗಡಿಯನ್ನು ಅಕ್ಕತಂಗಿಯರು ಕೂಡಿಯೇ ನಡೆಸುತ್ತಿದ್ದೆವು. ಒಮ್ಮೆ ಹುಬ್ಬಳ್ಳಿಗೆ ಹೋದಾಗ ನಾನು ದೊಡ್ಡ ಪೆಟ್ಟಿಗೆಯ ತುಂಬ ಬೂದಿ ಬಣ್ಣದ ದಾರದ ರೀಲು ತಂದೆ. ವಿಭೂತಿಯ ಬಣ್ಣವೆಂದು ಮನಸ್ಸಿಗೆ ಹಿಡಿಸಿತ್ತು, ಅಷ್ಟೆ.

ಅಂಗಡಿಯಲ್ಲಿ ಆರೇಳು ಹೆಣ್ಣುಮಕ್ಕಳು ಕುಳಿತಿದ್ದರು. ದಾಕ್ಷಾಯಣಿ ಪೆಟ್ಟಿಗೆ ತೆರೆದು ನೋಡಿದಳು.

“ಈ ಬಣ್ಣದ ಜಂಪರ ಯಾರು ಹೊಲಿಸ್ತಾರಕ್ಕಾ? ಸನ್ಯಾಸಿಗಳಿಗೆ ಹೊಲಿಯೂಣೇನು?”

ಎಲ್ಲರೂ ನಕ್ಕರು... ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ.

ಅವಳು ಎರಡು ಸಲ ಹೇಳಿ ಕಳಿಸಿದಳು. ನಾನು ಹೋಗಲಿಲ್ಲ. ನನ್ನ ರವಿಕೆಗಳನ್ನೂ ಬೇರೆ ಕಡೆ ಹೊಲಿಸತೊಡಗಿದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಗಡಿಯ ಬೀಗ ತೆಗೆದೆವು. ನಾನು ಬಿಟ್ಟುಹೋದ ಮಷಿನ್ ಮೇಲೆ ಇಷ್ಟು ವರ್ಷ ಕೆಲಸ ಮಾಡಿದ ಜುಬೇದಾ ಜೊತೆಗಿದ್ದಳು. ಮಾತನಾಡಿಸಿ ಹೋಗಲು ಓಣಿಯ ನಾಲ್ಕಾರು ಹೆಂಗಸರೂ ಬಂದರು.

ದಾಕ್ಷಾಯಣಿಯ ಮಷಿನ್ ಮೇಲೆ ಒಂದು ಕೌದಿ ಹಾಗೇ ಇತ್ತು. ಹಳೆಯ ಸೀರೆಗಳ ತೆಳು ಕೌದಿ. ಅದರ ನಡುವೆ ಒಂದು ದೊಡ್ಡ ಹುಂಜ...

ಮನೆಯೊಳಗೆ ಮೊಟ್ಟೆಯನ್ನೂ ತರದವರು ನಾವು. ಇದೇನು ಚಿತ್ರ ಎಂದು ಕೇಳಿದೆ.

“ನಮ್ಮನಿ ಹುಂಜರೀ ದೊಡ್ಡಕ್ಕಾರ. ದಿನಾ ಬಂದು ಇಲ್ಲಿ ಬಟ್ಟಿಚೂರು ಕೆದರತಿತ್ತು. ‘ತಡಿ, ನಿನ್ನ ಕೌದ್ಯಾಗ ಹಾಕಿ ಹೊಲಿದಬಿಡ್ತೀನಿ’ ಅಂತಿದ್ರು ಅಕ್ಕಾರು... ಹೊಲಿದ ಬಿಟ್ರು.”

ಹತ್ತಿರ ಬಾಗಿ ನೋಡಿದೆ. ಬಣ್ಣ ಹಚ್ಚಿರಲಿಲ್ಲ. ಎಲ್ಲವೂ ದಾರ... ಮಷಿನ್ ಹೊಲಿಗೆ. ಕತ್ತಿನ ಗರಿ ಗಾಳಿಗೆ ಎದ್ದಂತಿತ್ತು. ಕಣ್ಣಿನಲ್ಲಿ ಹೊಳಪಿತ್ತು.

ನಾನೂ ಅರ್ಧ ಆಯುಷ್ಯ ಹೊಲಿದವಳು. ಮಷಿನ್ ನೇರವಾಗಿ ಓಡುವುದು ಗೊತ್ತು. ಕುಂಚದಂತೆ ಹೀಗೆ ಸುತ್ತಾಡುವುದು ಹೇಗೆ?

ಜುಬೇದಾ ತೋರಿಸಿದಳು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಬಿಚ್ಚಿಡಬೇಕು. ಬಟ್ಟೆಯನ್ನು ಮುಂದೆ ಎಳೆಯುವ ಹಲ್ಲುಗಳನ್ನು ಕೆಳಗಿಳಿಸಬೇಕು. ಆಮೇಲೆ ಎರಡೂ ಕೈಯಿಂದ ಬಟ್ಟೆಯನ್ನೇ ಬೇಕಾದತ್ತ ತಿರುಗಿಸಬೇಕು.

ಪೆನ್ನನ್ನು ಅಲುಗಾಡಿಸದೆ ಕಾಗದವನ್ನು ಸರಿಸಿ ಚಿತ್ರ ಬರೆದ ಹಾಗೆ...

ಅರವತ್ತೆರಡನೆಯ ವಯಸ್ಸಿನಲ್ಲಿ ಮೊಬೈಲ್ ನೋಡಿ ಕಲಿತಳಂತೆ, ನನ್ನ ತಂಗಿ.

ಹುಂಜದ ಬಾಲದಲ್ಲಿ ಎಷ್ಟು ಬಣ್ಣಗಳಿದ್ದವೋ ಎಣಿಸಲಾಗಲಿಲ್ಲ. ಊರಿನವರ ರವಿಕೆ ಹೊಲಿದು ಉಳಿದ ದಾರವನ್ನೆಲ್ಲ ಅವಳು ಕೂಡಿಸಿಟ್ಟಿದ್ದಳಂತೆ.

ಬಂದ ಹೆಂಗಸರು ಒಬ್ಬೊಬ್ಬರಾಗಿ ಬಾಗಿ ಹುಡುಕತೊಡಗಿದರು. ಈ ಕುಂಕುಮ ಬಣ್ಣ ನನ್ನ ಮಗಳ ಮದುವೆಯದು ಎಂದು ಒಬ್ಬರು ಕಣ್ಣೊರೆಸಿಕೊಂಡರು. ಆ ಗಿಳಿಹಸಿರು ನನ್ನ ಸೀಮಂತದ್ದು ಎಂದು ಇನ್ನೊಬ್ಬರು.

ನಾನೂ ಹುಡುಕಿದೆ... ಯಾರಿಗೂ ಗೊತ್ತಾಗದಂತೆ.

ನನ್ನದು ಇರಲಿಲ್ಲ. ಎಲ್ಲಿಂದ ಬರಬೇಕು? ಹನ್ನೊಂದು ವರ್ಷದಲ್ಲಿ ಅವಳಿಗೆ ಒಂದು ರವಿಕೆಯನ್ನಾದರೂ ಹೊಲಿಯಲು ಕೊಟ್ಟಿದ್ದೆನೆ?

ಬೂದಿ ಬಣ್ಣವೂ ಎಲ್ಲಿಯೂ ಕಾಣಲಿಲ್ಲ. ಆ ಪೆಟ್ಟಿಗೆಯನ್ನು ಎಸೆದಿದ್ದಾಳೆ, ಅದರ ಜೊತೆ ನನ್ನನ್ನೂ ಎಂದುಕೊಂಡೆ. ತಪ್ಪು ಅವಳದು ಎನ್ನಲು ಬಾಯಿ ಬರಲಿಲ್ಲ.

ಆದರೆ ಹೊಲಿಗೆ ಬಲ್ಲ ಕೈಗೆ ಒಂದು ಚಟವಿರುತ್ತದೆ. ಯಾವ ಬಟ್ಟೆಯನ್ನಾದರೂ ತಿರುಗಿಸಿ ನೋಡುವುದು.

ಕೌದಿಯ ಅಂಚು ಹಿಡಿದು ಮಗುಚಿದೆ...

ಹಿಂಬದಿಯಲ್ಲಿ ಅದೇ ಹುಂಜ. ಜುಟ್ಟು, ರೆಕ್ಕೆ, ಬಾಲದ ಒಂದೊಂದು ಗರಿ... ಎಲ್ಲವೂ ಬೂದಿ ಬಣ್ಣ. ಮೇಲಿನ ಪ್ರತಿಯೊಂದು ಹೊಲಿಗೆಯನ್ನೂ ಕೆಳಗಿನಿಂದ ಹಿಡಿದದ್ದು ಅದೊಂದೇ ದಾರ.

ಆ ದಾರದ ಮೇಲೆ ನಾನು ಬೆರಳಾಡಿಸುವುದನ್ನು ಜುಬೇದಾ ನೋಡಿದಳು.

“ಮ್ಯಾಲಿನ ದಾರ ಘಳಿಗಿಗೊಮ್ಮೆ ಬದಲಸತಿದ್ರು. ಕೆಳಗಿನ ಬಾಬಿನ್ನಿಗೆ ಮಾತ್ರ ಇದೊಂದ. ನಾ ಬ್ಯಾರೆ ಹಾಕಿದ್ರ ಬಿಚ್ಚಸತಿದ್ರು. ‘ಇದು ನಮ್ಮಕ್ಕ ತಂದಿದ್ದು. ಯಾವ ಬಣ್ಣದ ಕೆಳಗ ಹಾಕಿದ್ರೂ ಹೊಂದಕೋತೈತಿ, ಮ್ಯಾಲೆ ಇಣುಕಂಗಿಲ್ಲ. ಅಕಿಗೆ ಆವಾಗ ತಿಳಿದಿತ್ತು, ನನಗ ಈಗ ತಿಳೀತು’ ಅಂತಿದ್ರು.”

ನನಗೇನೂ ತಿಳಿದಿರಲಿಲ್ಲ, ದಾಕ್ಷಿ... ವಿಭೂತಿಯ ಬಣ್ಣವೆಂದು ತಂದಿದ್ದೆ.

ಅದನ್ನು ಹೇಳಲು ಮೂರು ಓಣಿ ದಾಟಿ ಬರಬೇಕಿತ್ತು.

ಹುಂಜಕ್ಕೆ ಒಂದೇ ಕಾಲಿತ್ತು. ಇನ್ನೊಂದು ಆಗುವಷ್ಟರಲ್ಲಿ ಅವಳಿಗೆ ಶಿವನ ಕರೆ ಬಂದಿತ್ತು. ಮಷಿನ್ ಒಳಗಿನ ಬಾಬಿನ್ನಿನಲ್ಲಿ ಬೂದಿ ದಾರ ಇನ್ನೂ ಉಳಿದಿತ್ತು.

ನಾನು ಸ್ಟೂಲಿನ ಮೇಲೆ ಕುಳಿತೆ. ಪೆಡಲ್ ತುಳಿದೊಡನೆ ಕೆಳಗೆ ದಾರ ಗಂಟುಗಂಟಾಯಿತು.

ಜುಬೇದಾ ನಕ್ಕಳು, ಕಣ್ಣಲ್ಲಿ ನೀರಿಟ್ಟುಕೊಂಡೇ. ಪಾದ ಬಿಚ್ಚಿಟ್ಟಿದ್ದರೂ ಅದರ ಹಿಡಿಕೆಯನ್ನು ಇಳಿಸಬೇಕು, ಇಲ್ಲದಿದ್ದರೆ ಮೇಲಿನ ದಾರ ಬಿಗಿಯಾಗುವುದಿಲ್ಲ; ನಾನು ಮರೆತಿದ್ದೆ. “ಅಕ್ಕಾರೂ ಮೊದಲ ಒಂದ ತಿಂಗಳು ಇದನ್ನ ಮರೀತಿದ್ರು ಬಿಡ್ರಿ” ಎಂದಳು.

ಬಿಚ್ಚಿ ಮತ್ತೆ ಹೊಲಿದೆ. ಸಂಜೆಯ ಹೊತ್ತಿಗೆ ಹುಂಜಕ್ಕೆ ಎರಡನೆಯ ಕಾಲು ಬಂತು... ಸ್ವಲ್ಪ ಸೊಟ್ಟಗೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ಈಗ ಆ ಕೌದಿ ಹೊದ್ದುಕೊಂಡೇ ಮಲಗುತ್ತೇನೆ. ಹುಂಜ ಹೊರಗೆ... ಬೂದಿ ದಾರ ನನ್ನ ಮೈಗೆ.

*ನಮ್ಮನ್ನು ಮರೆತರೆಂದು ನಾವು ಯಾರ ಮೇಲೆ ಮುನಿದಿರುತ್ತೇವೋ, ಅವರು ನಮಗೆ ಕಾಣದ ಬದಿಯಲ್ಲಿ ನಮ್ಮನ್ನು ಇಟ್ಟುಕೊಂಡಿರಬಹುದು.*

ನೀವು ಹೋಗದೆ ಬಿಟ್ಟ ಮನೆ ಯಾವುದು? ಅದು ಎಷ್ಟು ಓಣಿ ದೂರ?

ಶಿವನೇ... ಅವಳು ಕೈಕಟ್ಟಿ ಕುಳಿತವಳಲ್ಲ, ಇನ್ನಾದರೂ ಆ ಕೈಗಳಿಗೆ ವಿಶ್ರಾಂತಿ ಕೊಡು. ನಮ್ಮ ದಾಕ್ಷಾಯಣಿಯನ್ನು ನಿನ್ನ ಪಾದದ ತಂಪಿನಲ್ಲಿ ಶಾಂತಿಯಿಂದ ಇರಿಸಿಕೋ.