ಕೆಂಪು ಸಾಲದು

ಆಯುಧಪೂಜೆಯ ಬೆಳಿಗ್ಗೆ ಜಲಜಾ ವಿಜಯವಾಡದ ತಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಕೂಟರ್ ತೊಳೆಯುತ್ತಿದ್ದಳು. ನೊರೆ ಹಿಂದಿನ ಚಕ್ರಕ್ಕೆ ತಲುಪುವ ಹೊತ್ತಿಗೆ ಮಗಳು ಸಹನಾ ಟ್ಯಾಬ್ ಎದೆಗವಚಿಕೊಂಡು ಬಂದು ನಿಂತಳು. ನಾಲ್ಕನೇ ಕ್ಲಾಸಿನ ಹುಡುಗಿ, ಆಗಲೇ ಒಂದು ಸುತ್ತು ಅತ್ತು ಮುಗಿಸಿದ್ದಳು.

"ಅಮ್ಮಾ, ಆಟದಲ್ಲಿ ರಕ್ತ ವಾಪಸ್ ಹಾಕು. ನನ್ನನ್ನ ಯಾರೂ ಟೀಮಿಗೆ ಸೇರಿಸ್ಕೊಳ್ತಿಲ್ಲ."

ರಜೆ ಶುರುವಾದ ದಿನ ಜಲಜಾ ಮಗಳ ಗುಂಡು ಹಾರಿಸುವ ಆಟವನ್ನು ತೆರೆದು ನೋಡಿ, ರಕ್ತ ಬರದಂತೆ ಮಾಡುವ ಗುಂಡಿಯೊಂದನ್ನು ಹುಡುಕಿ ಒತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡಂತೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ 'ಪ್ರಿಯ ತಾಯಂದಿರೇ' ಎಂದು ಶುರುಮಾಡಿ ಮಾರುದ್ದದ ಮೆಸೇಜು ಬರೆದು, ಆ ಗುಂಡಿಯ ಫೋಟೋವನ್ನೂ ಹಾಕಿದಳು. ಸಂಜೆಯೊಳಗೆ ಎಲ್ಲ ಮನೆಯ ಟ್ಯಾಬುಗಳಲ್ಲೂ ರಕ್ತ ನಿಂತಿತು. ಈಗ ಗುಂಡು ತಗುಲಿದವನ ಮೈಯಿಂದ ಹಳದಿ ಹೂವಿನ ಎಸಳು ಹಾರುತ್ತಿದ್ದವು.

"ಗುಂಡು ಹೊಡೆದ್ರೆ ಅಕ್ಷತೆ ಹಾಕಿದ ಹಾಗಿದೆ ಅಂತಾನೆ ಸಾಯಿಕಿರಣ್. ಎಲ್ಲಾ ನಿಮ್ಮಮ್ಮನಿಂದ ಅಂತಾರೆ. ರಜಾ ಪೂರ್ತಿ ನಾನೊಬ್ಬಳೇ."

ಕೈಯೆಲ್ಲ ಸೋಪಾಗಿದ್ದರಿಂದ ಜಲಜಾ ಮೊಣಕೈಯಲ್ಲೇ ಮಗಳ ತಲೆಯನ್ನು ಹತ್ತಿರಕ್ಕೆಳೆದುಕೊಂಡಳು.

"ಅದು ಸುಳ್ಳು ರಕ್ತ ಅಮ್ಮಾ. ಯಾರೂ ಸಾಯಲ್ಲ."

"ಸುಳ್ಳೋ ನಿಜವೋ ಪುಟ್ಟಿ, ಮಕ್ಕಳು ನೋಡುವಂಥದ್ದಲ್ಲ" ಎಂದಳು ಮೆತ್ತಗೆ. ತನ್ನ ಈ ಮೆತ್ತಗಿನ ದನಿಯ ಬಗ್ಗೆ ಅವಳಿಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯಿತ್ತು.

ಅಷ್ಟರಲ್ಲಿ ಕೆಳಗಿನ ಮನೆಯ ಹೈಮಾವತಿ, ಸಾಯಿಕಿರಣನ ತಾಯಿ, ಬೂದುಗುಂಬಳಕಾಯಿ ಹೊತ್ತುಕೊಂಡು ಬಂದರು. ಅವರು ಅದೇ ಊರಿನವರೇ, ಆದರೆ ಅತ್ತೆ ಕನ್ನಡದವರಾದ್ದರಿಂದ ತೆಲುಗು, ಕನ್ನಡ ಎರಡನ್ನೂ ಒಂದೇ ಒಗ್ಗರಣೆಯಲ್ಲಿ ಹಾಕುತ್ತಿದ್ದರು. ಪ್ರತಿ ವರ್ಷ ಎಲ್ಲರ ಗಾಡಿಗಳಿಗೂ ಸೇರಿಸಿ ಗೇಟಿನ ಮುಂದೆ ಒಂದು ಕಾಯಿ ಒಡೆಯುವುದು ಅಲ್ಲಿನ ಪದ್ಧತಿ. ಈ ಸಲ ಆ ಮರ್ಯಾದೆ ಜಲಜಾಳದ್ದು. ಬ್ಯಾಂಕಿನಲ್ಲಿರುವ ಗಂಡ ಅಶ್ವತ್ಥನ ಜೊತೆ ವಿಶಾಖಪಟ್ಟಣದಿಂದ ವರ್ಗವಾಗಿ ಬಂದು ವರ್ಷವೂ ತುಂಬದವಳಿಗೆ ಇದು ಸಿಕ್ಕಿದ್ದು ಆ ಮೆಸೇಜಿನಿಂದಲೇ.

"ಕುಂಕುಮದ ನೀಳ್ಳು ತುಂಬಿಸಿದೀನಿ ಜಲಜಾಗಾರೂ, ಒಂದ್ಸಲ ನೋಡಂಡಿ."

ಕಾಯಿಯ ನೆತ್ತಿಯಲ್ಲಿ ಕೊರೆದ ತೂತಿನೊಳಗೆ ಜಲಜಾ ಇಣುಕಿದಳು. "ಇದೇನ್ರೀ ಹೈಮಾವತಿಯವರೇ, ಗುಲಾಬಿ ಶರಬತ್ತಿನ ಹಾಗಿದೆ. ಕೆಂಪು ಸಾಲದು. ಒಡೆದಾಗ ರಕ್ತ ಚೆಲ್ಲಿದ ಹಾಗೆ ಕಾಣಬೇಕು."

ಸ್ಕೂಟರನ್ನು ಒರೆಸಿದಂತೆ ಮಾಡಿ ಮೇಲೆ ಓಡಿದಳು. ಅರಿಶಿನ, ಎಲೆಯಡಿಕೆಯ ಸುಣ್ಣ, ಇನ್ನೊಂದಿಷ್ಟು ಕುಂಕುಮ ತಂದು ಮಗಳ ಕೈಗೇ ಬಟ್ಟಲು ಕೊಟ್ಟು, ಕಾಯಿಯೊಳಗಿನ ನೀರನ್ನು ಅದಕ್ಕೆ ಬಗ್ಗಿಸಿ ಕಲಸಿದಳು. ಬಣ್ಣ ಕುದುರಿತು, ಆದರೂ ಸಮಾಧಾನವಾಗಲಿಲ್ಲ. "ಇಷ್ಟು ನೀರಾಗಿದ್ರೆ ಹರಿದುಹೋಗುತ್ತೆ. ಸ್ವಲ್ಪ ದಪ್ಪ ಇರಬೇಕು, ಬಿದ್ದಲ್ಲೇ ಅಂಟಬೇಕು" ಎಂದು ಮತ್ತೆ ಮೇಲೆ ಓಡಿ ಮೈದಾ ತಂದು ಎರಡು ಚಮಚ ಬೆರೆಸಿದಳು. ಲ್ಯಾಬಿನಲ್ಲಿ ಮಗಳ ರಕ್ತ ತೆಗೆಯುವಾಗ ಗೋಡೆಗೆ ಮುಖ ಮಾಡಿ ನಿಲ್ಲುವ ಹೆಂಗಸಿಗೆ ರಕ್ತದ ಹದ ಯಾರು ಹೇಳಿಕೊಟ್ಟರೋ.

"ಅಮ್ಮಾ..." ಎಂದಳು ಸಹನಾ ಬಟ್ಟಲು ಹಿಡಿದುಕೊಂಡೇ.

"ಅಲ್ಲಾಡಿಸಬೇಡ, ಚೆಲ್ಲುತ್ತೆ."

ಹೈಮಾವತಿ ಬಗ್ಗಿ ನೋಡಿ ಕೆನ್ನೆಗೆ ಕೈ ಹಚ್ಚಿದರು. "ಅಚ್ಚಂ ರಕ್ತಮೇ ಅಂಡಿ. ಅಮ್ಮವಾರು ಬೆಟ್ಟದ ಮೇಲಿನ ಗುಡಿಯಿಂದಾನೇ ನೋಡಿ ಮೆಚ್ಚುತ್ತಾರೆ."

ಜಲಜಾ ಹಿಗ್ಗಿ ಹೀರೇಕಾಯಿಯಾಗಿ, ಬಟ್ಟಲಿನದನ್ನೆಲ್ಲ ಕಾಯಿಯೊಳಗೆ ಸುರಿದಳು. ಗೇಟಿನ ಮುಂದೆ ಜನ ಸೇರಿದ್ದರು. ತಾಯಂದಿರೆಲ್ಲ ಫೋನು ಎತ್ತಿಕೊಂಡಿದ್ದರು. ಗಂಡಂದಿರ ಸಾಲಿನಲ್ಲಿ ನಿಂತಿದ್ದ ಅಶ್ವತ್ಥ ಹೆಂಡತಿಯ ಆವೇಶ ಕಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮಕ್ಕಳು ಹಿಂದುಗಡೆ ಎಗರಿ ಎಗರಿ ನೋಡುತ್ತಿದ್ದವು. "ಅಲ್ಲಿಂದ ಏನು ಕಾಣುತ್ತೆ? ಚಿಕ್ಕವರೆಲ್ಲ ಮುಂದೆ ಬನ್ನಿ" ಎಂದು ಕರೆದವಳು ಅವಳೇ. ಸಹನಾಳ ತೋಳು ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲಿಸಿದವಳೂ ಅವಳೇ. ಕಾಯಿಯ ಮೇಲೆ ಕರ್ಪೂರ ಹಚ್ಚಿ ಗಾಡಿಗಳಿಗೆ ನಿವಾಳಿಸಿ, ತಲೆಯ ಮೇಲಕ್ಕೆತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ನೆಲಕ್ಕೆ ಅಪ್ಪಳಿಸಿದಳು.

ಕೆಂಪು ಕಾಂಪೌಂಡಿಗೆ ಹಾರಿತು, ತೊಳೆದ ಸ್ಕೂಟರಿಗೆ ಹಾರಿತು, ಸಾಯಿಕಿರಣನ ಹೊಸ ಬಿಳಿ ಕುರ್ತಾಕ್ಕೆ ಹಾರಿತು. ಮೈದಾ ಸುಳ್ಳು ಹೇಳಲಿಲ್ಲ; ಗೋಡೆಯ ಮೇಲೆ ಬಿದ್ದದ್ದು ಅಲ್ಲೇ ಅಂಟಿ, ಎಳೆಯೆಳೆಯಾಗಿ, ನಿಧಾನವಾಗಿ ಕೆಳಗಿಳಿಯತೊಡಗಿತು. ಮಕ್ಕಳು ಕೇಕೆ ಹಾಕಿದವು.

"ಆಂಟಿ, ಇನ್ನೊಂದು ಕಾಯಿ ಇದೆಯಾ?" ಎಂದ ಸಾಯಿಕಿರಣ್.

ಜಲಜಾ ನಗುತ್ತಾ, ಏದುಸಿರು ಬಿಡುತ್ತಾ ಮಗಳ ಕಡೆ ತಿರುಗಿದಳು. ಕೇಕೆ ಹಾಕುವ ಮಕ್ಕಳ ನಡುವೆ ಸಹನಾ ಒಬ್ಬಳೇ ಕದಲದೆ ನಿಂತಿದ್ದಳು. ಕೆನ್ನೆಯ ಮೇಲೆ ಕೆಂಪು ಹನಿಗಳು. ಎರಡೂ ಅಂಗೈಯನ್ನು ಕಣ್ಣಿಗೆ ಒತ್ತಿ ಹಿಡಿದಿದ್ದಳು. ತುಟಿ ಅಲುಗುತ್ತಿತ್ತು.

"ಏನು ಪುಟ್ಟಿ? ಕೇಳಿಸ್ತಿಲ್ಲ, ಜೋರಾಗಿ ಹೇಳು."

ಗದ್ದಲ ತಣ್ಣಗಾಯಿತು. ಫೋನುಗಳು ಇನ್ನೂ ಇಳಿದಿರಲಿಲ್ಲ. ಸಹನಾ ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅಮ್ಮಾ, ಈಗ ಕಣ್ಣು ಬಿಡಬಹುದಾ?"