ಒಂದು ಹಿಡಿ ಸ್ಪೇನ್ ಮರಳು

ಪಿನ್ನರ್ ಬಡಾವಣೆಯ ತನ್ನದೇ ಮನೆಯ ಮುಂದೆ, ಕಸದ ಡಬ್ಬಿಗಳ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಉಮಾಶಂಕರ ಚಪ್ಪಲಿಗೆ ಮರಳು ತುಂಬುತ್ತಿದ್ದ. ಒಂದು ಚಿಟಿಕೆ ಹಿಮ್ಮಡಿಗೆ, ಒಂದು ಚಿಟಿಕೆ ಬೆರಳಿನ ಜಾಗಕ್ಕೆ. ಸ್ಪೇನಿನ ಸಮುದ್ರ ನೋಡಿ ಬಂದವನ ಚಪ್ಪಲಿಯಲ್ಲಿ ಮರಳಿರಬೇಡವೇ? ಮರಳು ಮಾತ್ರ ಊರಿನ ಇನ್ನೊಂದು ತುದಿಯ ಈಸ್ಟ್ ಹ್ಯಾಮ್‌ನ ಪಾರ್ಕಿನಲ್ಲಿ ಮಕ್ಕಳು ಆಡುವ ಗುಂಡಿಯದ್ದು.

ಪಾಪ, ಅವನೇನು ಸುಳ್ಳುಗಾರನಲ್ಲ. ಜಂಬಗಾರ, ಅಷ್ಟೇ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಆಲ್ಟೆಯಾ ಎಂಬ ಕಡಲೂರಿಗೆ ಇಬ್ಬರ ಹೆಸರಲ್ಲೂ ಟಿಕೆಟ್ ತೆಗೆದು, ಸಮುದ್ರ ಕಾಣುವ ಬಾಲ್ಕನಿಯ ರೂಮು ಹಿಡಿದಿದ್ದ. ಹೆಂಡತಿಯನ್ನು ಒಂದು ಮಾತೂ ಕೇಳಿರಲಿಲ್ಲ. ಅಂಬುಜಾ ಸಿಡಿದಳು.

"ಕೇಳದೆ ಬುಕ್ ಮಾಡಿದೋರು ನೀವೇ ಹೋಗ್ಬನ್ನಿ. ನಾನು ಹುಡುಕಿ ಕೊಡದಿದ್ರೆ ನಿಮಗೆ ಒಂದು ಕಾಲ್ಚೀಲ ಸಿಗಲ್ಲ."

"ಹೋಗ್ತೀನಿ ಕಣೇ! ಒಬ್ಬನೇ ಹೋಗಿ ಬರದಿದ್ರೆ, ಇನ್ಮೇಲೆ ಜೀವಮಾನ ಪೂರ್ತಿ ರಜಕ್ಕೆ ಎಲ್ಲಿಗೆ ಅಂತ ನೀನೇ ಹೇಳು. ನಾನು ತುಟಿ ಪಿಟಕ್ ಅನ್ನಲ್ಲ."

ಅವಳು ಎಲ್ಲಿಗೆ ಅನ್ನುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಲೆಸ್ಟರ್‌ನಲ್ಲಿರುವ ಅವಳ ಅಣ್ಣನ ಮನೆ. ಆ ಅಣ್ಣನ ಗಾಲ್ಫ್ ಕಥೆಗಳನ್ನು ಸಾಯುವವರೆಗೂ ಕೇಳುವುದೆಂದರೆ ಹುಡುಗಾಟವೇ? ಆ ಸಿಟ್ಟಿನಲ್ಲಿ ಅವಳ ಟಿಕೆಟ್ ಕ್ಯಾನ್ಸಲ್ ಮಾಡುವುದನ್ನೂ ಮರೆತ.

ಮರೆತದ್ದು ಅದೊಂದೇ ಅಲ್ಲ. ಪ್ರಯಾಣದ ಹಿಂದಿನ ದಿನ ಪಾಸ್‌ಪೋರ್ಟನ್ನು ದೇವರ ಮುಂದಿಟ್ಟು, ಮೇಲೊಂದು ಹೂವಿಡುವುದು ಆ ಮನೆಯ ಪದ್ಧತಿ. ಅವನೂ ಇಟ್ಟ. ಸಂಜೆಯ ವಿಮಾನಕ್ಕೆ ಬೆಳಿಗ್ಗೆಯೇ ಮುಖ ಊದಿಸಿಕೊಂಡು ಹೊರಟ. ಏರ್‌ಪೋರ್ಟಿನಲ್ಲಿ ತಡಕಿದರೆ ಜೇಬು ಖಾಲಿ. ಪಾಸ್‌ಪೋರ್ಟ್ ಗಣಪತಿಯ ಹತ್ತಿರವೇ ಉಳಿದಿತ್ತು. ವಾಪಸ್ ಹೋಗಲು ಯಾವ ಮುಖ? ನೇರ ಈಸ್ಟ್ ಹ್ಯಾಮ್‌ಗೆ ಹೋಗಿ, ಗೆಳೆಯ ಶೀನಪ್ಪನ ಹೋಟೆಲಿನ ಮೇಲಿನ ರೂಮಿನಲ್ಲಿ ಅಡಗಿ ಕೂತ.

ವಾರವಿಡೀ ಹೊರಗೆ ಜಿಟಿಜಿಟಿ ಮಳೆ, ಒಳಗೆ ನೀರುದೋಸೆ. ಗಂಟಲಲ್ಲಿ ದೋಸೆ ಇಳಿದರೂ ಚಿಂತೆ ಇಳಿಯಲಿಲ್ಲ. ದೀಪ ಹಚ್ಚದೆ ಕಾಫಿ ಮುಟ್ಟದ ಅಂಬುಜಾಳ ಕಣ್ಣಿಗೆ ಪಾಸ್‌ಪೋರ್ಟ್ ಬಿತ್ತೋ ಏನೋ! ಅವಳಿಂದ ಬಂದದ್ದು ಒಂದೇ ಮೆಸೇಜು: "ಆರಾಮಾಗಿ ಇದ್ದು ಬನ್ನಿ."

"ಅಂಬುಜಕ್ಕನಿಗೆ ಎಂತದೂ ಗೊತ್ತಾಗ್ಲಿಕ್ಕಿಲ್ಲ, ಹೆದರ್ಬೇಡಿ ಮಾರಾಯ್ರೆ" ಎಂದು ಶೀನಪ್ಪನ ಹೆಂಡತಿ ಪ್ರಫುಲ್ಲಾ ಮುಖ ತಿರುಗಿಸಿ ನಕ್ಕಳು. ಅವಳ ಫೋನು ಇಡೀ ವಾರ ಬಿಡುವಿಲ್ಲದೆ ಟಿಣ್ ಟಿಣ್ ಎನ್ನುತ್ತಿತ್ತು.

ಈಗ ಉಮಾಶಂಕರ ಎದ್ದು, ಮೊಣಕಾಲು ಒರೆಸಿಕೊಂಡು, ಬೆಲ್ ಒತ್ತಿದ.

"ಬಂದ್ರಾ? ಹೇಗಿತ್ತು?" ಅಂಬುಜಾ ಬಾಗಿಲು ತೆರೆದಳು. ತೋಟದ ಕೆಲಸಕ್ಕೋ ಏನೋ, ಅವಳ ಮೂಗಿನ ತುದಿ ಕಪ್ಪಿಟ್ಟಿತ್ತು.

"ಅಬ್ಬಬ್ಬಾ! ಹಿಂದೆ ಬೆಟ್ಟ, ಮುಂದೆ ಸಮುದ್ರ, ಮಧ್ಯೆ ಬೆಳ್ಳನೆ ಮನೆಗಳು. ಮೇಲೆ ನೀಲಿ ಗುಮ್ಮಟದ ಚರ್ಚು." ಯೂಟ್ಯೂಬ್ ನೋಡಿ ಉರು ಹೊಡೆದದ್ದು ಗಡಗಡನೆ ಬಂತು.

"ಚರ್ಚಿಗೆ ಹತ್ತೋದು ಕಷ್ಟಾನಾ?" ಅವಳು ಮೊಣಕಾಲು ನೀವಿಕೊಳ್ಳುತ್ತಾ ಕೇಳಿದಳು.

"ಏನಿಲ್ಲಪ್ಪ. ಸರಾಗವಾಗಿ ಹೋಗ್ಬಹುದು."

"ಓಹೋ."

ಚಪ್ಪಲಿ ಬಿಡುವಾಗ ಬೇಕೆಂದೇ ಕುಟ್ಟಿದ. ಮರಳು ಉದುರಿತು. "ಅಯ್ಯೋ, ಬೀಚಿನ ಮರಳು! ಎಷ್ಟು ಒದರಿದ್ರೂ ಹೋಗಲ್ಲ ಕಣೇ."

ಅಂಬುಜಾ ಬಗ್ಗಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು. "ನುಣ್ಣಗಿದೆ" ಎಂದಳು, ಗುಡಿಸಿ ಹಾಕಿದಳು. "ಕೂತ್ಕೊಳ್ಳಿ, ದೀಪ ಹಚ್ಚಿ ಕಾಫಿ ಕೊಡ್ತೀನಿ."

"ದೀಪ ನಾನು ಹಚ್ತೀನಿ!"

"ನೀವಾ?"

"ಸ್ಪೇನಲ್ಲಿ ದೇವರ ನೆನಪು ತುಂಬಾ ಆಯ್ತು."

ಮದುವೆಯಾದ ಮೇಲೆ ಒಂದು ಕಡ್ಡಿಯನ್ನೂ ಗೀರದವನು ದೇವರ ಕಪಾಟಿಗೆ ಓಡಿದ. ಬಾಗಿಲು ತೆರೆದರೆ, ಪಾಸ್‌ಪೋರ್ಟ್ ಇಟ್ಟಲ್ಲೇ ಇತ್ತು! ಮೇಲಿನ ಹೂವು ಒಣಗಿ ಹಪ್ಪಳವಾಗಿತ್ತು. ಹಣತೆಯಲ್ಲಿ ಎಣ್ಣೆ ಆರಿ, ಬತ್ತಿ ಕರಿಕಾಗಿ ಅಂಟಿಕೊಂಡಿತ್ತು. ಯಾರೂ ಕೈಯಿಟ್ಟಿಲ್ಲ! ಅವನಿಗೆ ಗಣಪತಿಯನ್ನು ಎತ್ತಿ ಮುದ್ದಾಡುವಷ್ಟು ಖುಷಿಯಾಯಿತು. ಪಾಸ್‌ಪೋರ್ಟ್ ಜೇಬಿಗಿಳಿಸಿ, ದೀಪ ಹಚ್ಚಿ, ರಾಜನ ಹಾಗೆ ಬಂದು ಕೂತ.

ಕಾಫಿ ಬಂತು. ಟೇಬಲ್ ಮೇಲೆ ಪೇಪರು ಹಾರದಂತೆ ನುಣುಪಾದ ಬಿಳಿ ಗುಂಡುಕಲ್ಲೊಂದು ಕೂತಿತ್ತು. ಅವನು ಅದನ್ನು ಪಕ್ಕಕ್ಕೆ ಸರಿಸಿ ಲೋಟ ಇಟ್ಟುಕೊಂಡ.

"ನೋಡಿದ್ಯಾ? ಒಬ್ಬನೇ ಹೋದೆ, ಒಬ್ಬನೇ ಬಂದೆ. ಗೆದ್ದೆ."

ಅಂಬುಜಾ ಅವನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕಿದಳು. ಆ ಉಪಚಾರಕ್ಕೆ ಅವನ ಜಂಬ ಸ್ವಲ್ಪ ಕರಗಿತು. ಈಸ್ಟ್ ಹ್ಯಾಮ್‌ನ ರೂಮಿನಲ್ಲಿ ಕಿಟಕಿಯ ಮಳೆ ನೋಡುತ್ತಾ ಅವಳನ್ನು ಎಷ್ಟು ನೆನೆಸಿಕೊಂಡಿದ್ದನೆಂಬುದು ಅವನಿಗೊಬ್ಬನಿಗೇ ಗೊತ್ತು.

"ನಿಜ ಹೇಳ್ತೀನಿ ಅಂಬು. ನೀನಿಲ್ದೆ ಆ ಬಾಲ್ಕನಿ ಬಿಕೋ ಅಂತಿತ್ತು."

ಅವಳ ಮುಖ ಮೆತ್ತಗಾಯಿತು. ಕೈ ಚಾಚಿ, ಆ ಬಿಳಿ ಗುಂಡುಕಲ್ಲನ್ನು ಅವನ ಲೋಟದ ಪಕ್ಕಕ್ಕೆ ತಳ್ಳಿದಳು. "ಅಲ್ಲಾರೀ, ಆ ಊರಿನ ಬೀಚಲ್ಲಿ ಮರಳೆಲ್ಲಿಂದ ಬಂತು? ಉದ್ದಕ್ಕೂ ಬರೀ ಇಂಥ ಕಲ್ಲುಗಳು."

ಕಾಫಿ ಅವನ ನೆತ್ತಿಗೇರಿತು. "ನಿ... ನಿನಗೆ ಹೇಗೆ ಗೊತ್ತು? ಯೂಟ್ಯೂಬ್ ನೋಡಿದ್ಯಾ?"

ಅಂಬುಜಾ ಅವನ ತಲೆ ಮೆಲ್ಲಗೆ ತಟ್ಟಿದಳು. "ಮುಂದಿನ ರಜಕ್ಕೆ ಎಲ್ಲಿಗೆ ಅಂತ ನಾನು ಹೇಳ್ತೀನಿ, ಕೇಳಿ: ಅದೇ ಊರು, ಅದೇ ರೂಮು, ಬಿಕೋ ಅಂತಿದ್ದ ಆ ಬಾಲ್ಕನಿಯಲ್ಲಿ ನನ್ನ ಹಸಿರು ಸೀರೆ ಒಣಗೋಕೆ ಹಾಕಿ ಮರೆತು ಬಂದಿದ್ದೀನಿ."