ಗಜದುದ್ದದ ಹೊಲಿಗೆ

“ಕತ್ತರಿ ಮುಟ್ಟಿಸಬೇಡ, ಎಳೆಯೋದೂ ಬೇಡ. ಬರೀ ನೋಡು,” ಎಂದ ಲೂಷಿಯಸ್. “ಮುಂದಿನ ವಾರ ಬಾಸ್ಟನ್‌ನಿಂದ ದೊಡ್ಡ ಕುಳಗಳು ಬರ್ತಾರೆ. ಅವರ ಮುಂದೆ ಇಡೋದಿದು.”

ಜೋಥಮ್ ಭೂತಗನ್ನಡಿ ಹಿಡಿದು ಬಗ್ಗಿದ. ಗಜದುದ್ದದ ಬಿಳಿ ಬಟ್ಟೆ, ಅದರ ಮೇಲೆ ಕಪ್ಪು ದಾರದ ಹೊಲಿಗೆ. ಒಂದೇ ಅಳತೆ, ಒಂದೇ ಬಿಗಿ. ಮಗುಚಿ ನೋಡಿದ. ಹಿಂಬದಿಯೂ ಹಾಗೆಯೇ.

“ಇದನ್ನು ಹೊಲಿದ ಯಂತ್ರ ಎಲ್ಲಿ? ತೋರಿಸು.”

“ಪೇಟೆಂಟ್ ಕೈಗೆ ಬರಲಿ ಮಾರಾಯ. ಆಮೇಲೆ ನಿನಗೇ ಮೊದಲು ತೋರಿಸ್ತೀನಿ.” ಲೂಷಿಯಸ್ ಬಟ್ಟೆಯನ್ನು ಮಡಚಿ ಒಳಗಿಟ್ಟ.

ಆ ವರ್ಷ ವುಸ್ಟರ್ ಊರಿನಲ್ಲಿ ಹೊಲಿಗೆ ಯಂತ್ರದ ಹುಚ್ಚು ಹಿಡಿಯದ ಕಸುಬುದಾರನೇ ಇರಲಿಲ್ಲ. ಒಬ್ಬನ ಸೂಜಿ ಅಡ್ಡಡ್ಡ ಓಡಾಡುತ್ತಿತ್ತು, ಇನ್ನೊಬ್ಬನದು ಕುಡುಗೋಲಿನಂತೆ ಬಾಗಿತ್ತು. ಗಡಿಯಾರ ರಿಪೇರಿಯ ಮುದುಕನ ಯಂತ್ರದಲ್ಲಿ ಬಟ್ಟೆಯೇ ಮುಳ್ಳುಗಳಿಗೆ ಸಿಕ್ಕಿ ನೇತಾಡುತ್ತ ಸುತ್ತು ಬರುತ್ತಿತ್ತು. ಹೆಚ್ಚಿನವು ಹಾಕುತ್ತಿದ್ದದ್ದು ಒಂಟಿ ದಾರದ ಸರಪಳಿ ಹೊಲಿಗೆ. ತುದಿ ಹಿಡಿದೆಳೆದರೆ ಇಡೀ ಅಂಗಿ ಬಿಚ್ಚಿಕೊಳ್ಳುತ್ತಿತ್ತು. ಜೋಥಮ್ ಮಾತ್ರ ಎರಡು ವರ್ಷದಿಂದ ದುಡಿಮೆ ಬಿಟ್ಟು ಎರಡು ದಾರದ ಹಿಂದೆ ಬಿದ್ದಿದ್ದ. ಸೂಜಿ ಮೇಲಿನ ದಾರವನ್ನು ಕುಣಿಕೆ ಮಾಡಿ ಕೆಳಗಿಳಿಸಬೇಕು. ದೋಣಿಯಂಥ ಪುಟ್ಟ ಲಾಳಿ ಆ ಕುಣಿಕೆಯೊಳಗೆ ನುಸುಳಿ ಕೆಳದಾರವನ್ನು ಸಿಕ್ಕಿಸಿ ಬರಬೇಕು. ನುಸುಳುತ್ತಿತ್ತು. ಹತ್ತೊಂಬತ್ತನೆಯ ಹೊಲಿಗೆಗೆ ಸರಿಯಾಗಿ ದಾರ ಪಟ್ಟೆಂದು ಕಡಿಯುತ್ತಿತ್ತು.

ಲೂಷಿಯಸ್‌ಗೆ ಆ ಎರಡು ದಾರದ ಹೊಲಿಗೆ ಹೇಗೆ ದಕ್ಕಿತು? ಬಂದೂಕು ಕಾರ್ಖಾನೆಯಲ್ಲಿ ಇಬ್ಬರೂ ಒಂದೇ ಮೇಜಿನ ಮುಂದೆ ಕೆಲಸ ಕಲಿತವರು. ಅವನಿಗೆ ಒಂದು ತಿರುಪನ್ನು ನೆಟ್ಟಗೆ ಕೊರೆಯಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಮಾತೊಂದೇ.

ಸಂಜೆ ಹೆಂಡತಿ ಥರ್ಜಾ ಬೇಯಿಸಿದ ಅವರೆ ಬಡಿಸುತ್ತಾ ಕೇಳಿದಳು, “ಲೂಷಿಯಸ್ ಹೊಲಿಗೆ ತೋರಿಸಿದನಂತೆ. ಹೇಗಿತ್ತು?”

“ಚೆನ್ನಾಗಿತ್ತು,” ಎಂದ ಹಲ್ಲು ಕಚ್ಚಿ.

ಅವಳ ಮುಖದಲ್ಲಿ ನಗೆಯೊಂದು ಸುಳಿದು ಮಾಯವಾಯಿತು. ಜೋಥಮ್ ಅದನ್ನು ಕಂಡ.

“ಗ್ರೌಟ್ ಅಜ್ಜಿ ಹೇಗಿದ್ದಾರೆ?”

“ಹಾಗೇ ಇದ್ದಾರೆ. ದಿನಾ ನನ್ನ ಕೈಲಿ ಎರಡು ಅಧ್ಯಾಯ ಬೈಬಲ್ ಓದಿಸ್ಕೊಳ್ತಾರೆ.” ಥರ್ಜಾ ಕೆಂಪಡರಿದ ಕಣ್ಣುಗಳನ್ನು ಉಜ್ಜಿಕೊಂಡಳು. “ನಾನು ಮಲಗ್ತೀನಿ. ಕಣ್ಣು ಉರೀತಿದೆ.”

ಕುರುಡಿ ಗ್ರೌಟ್ ಅಜ್ಜಿ ಎರಡು ತಿಂಗಳ ಹಿಂದೆಯೇ ಮಗಳ ಮನೆಗೆಂದು ಊರು ಬಿಟ್ಟಳೆಂದು ಬೆಳಿಗ್ಗೆಯಷ್ಟೇ ಬ್ರೆಡ್ಡಿನ ಅಂಗಡಿಯವನು ಹೇಳಿದ್ದ. ಹಾಗಾದರೆ ದಿನಾ ಮಧ್ಯಾಹ್ನ ಮೂರಕ್ಕೆ ಇವಳು ಹೋಗುವುದೆಲ್ಲಿಗೆ? ಈ ಕಣ್ಣು ಕೆಂಪಾಗಿರುವುದು ಅತ್ತು ತಾನೇ? ಯಾರಿಗಾಗಿ?

ಮರುದಿನ ಹಿಂಬಾಲಿಸಿದ. ಥರ್ಜಾ ಬೀದಿ ದಾಟಿದಳು, ಚರ್ಚಿನ ಹಿಂದೆ ತಿರುಗಿದಳು, ಲೂಷಿಯಸ್‌ನ ಹಿತ್ತಿಲ ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು, ಮುಚ್ಚಿತು. ಬೀದಿಯ ಕಡೆಯ ಕಿಟಕಿಗೆ ಪರದೆ ಬಿತ್ತು.

ಜೋಥಮ್ ಆ ಕಿಟಕಿಯ ಪಕ್ಕದ ಗೋಡೆಗೆ ಕಿವಿ ಹಚ್ಚಿ ಒಂದು ಗಂಟೆ ನಿಂತ. ಯಾರದೇ ಯಂತ್ರ ತಿರುಗಿದರೂ ಮೂರು ಮನೆಗೆ ಕೇಳುವಷ್ಟು ಗದ್ದಲ. ಇಲ್ಲಿ ಸದ್ದೇ ಇರಲಿಲ್ಲ. ಕೆಲಸವಲ್ಲದಿದ್ದರೆ ಮತ್ತೇನು? ಒಮ್ಮೆ ಮಾತ್ರ ಲೂಷಿಯಸ್‌ನ ದನಿ ಕೇಳಿಸಿತು: “ನಿನ್ನಂಥ ಬೆರಳು ಈ ಊರಲ್ಲಿ ಇನ್ನೊಬ್ಬಳಿಗಿಲ್ಲ ಥರ್ಜಾ.” ಅವಳು ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಈಗ ಎಲ್ಲವೂ ಅರ್ಥವಾಯಿತೆಂದುಕೊಂಡ. ಇವಳು ಅವನಿಗೆ ತನ್ನನ್ನು ಕೊಟ್ಟಿದ್ದಲ್ಲದೆ ನನ್ನ ಲಾಳಿಯ ನಕ್ಷೆಯನ್ನೂ ಕೊಟ್ಟಿದ್ದಾಳೆ.

ರಾತ್ರಿ ಕಳೆಯಿತು. ಬೆಳಿಗ್ಗೆ ಕೊಟ್ಟಿಗೆಯಲ್ಲಿ ತನ್ನ ಯಂತ್ರದ ಮುಂದೆ ಕೂತು, ದಾರ ಬಿಗಿಯುವ ತಂತಿಯನ್ನು ಸಿಟ್ಟಿನಿಂದಲೇ ಬಗ್ಗಿಸಿದ, ಮತ್ತೆ ಬಗ್ಗಿಸಿದ. ಮೂರಾಯಿತು. ಥರ್ಜಾ ಹೊರಟುಹೋದದ್ದು ಕೇಳಿಸಿತು. ಹಿಡಿಕೆ ತಿರುಗಿಸಿದ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು! ದಾರ ಕಡಿಯಲಿಲ್ಲ. ನೂರಾಯಿತು. ಮೊಳದುದ್ದ ಬಟ್ಟೆ ಯಂತ್ರದ ಆಚೆ ಬದಿಗೆ ಜಾರಿ ಬಿತ್ತು. ಎಳೆದು ನೋಡಿದ. ಬಿಚ್ಚಲಿಲ್ಲ.

ಒಂದು ಗಳಿಗೆ ಅವನ ಕಣ್ಣು ತುಂಬಿತು. ಮರುಗಳಿಗೆಗೆ ಲೂಷಿಯಸ್‌ನ ಹೊಲಿಗೆ ನೆನಪಾಯಿತು. ಅಲ್ಲಿ ಒಂದೊಂದೂ ಅಚ್ಚಿನಲ್ಲಿ ತೆಗೆದಂತೆ. ಇಲ್ಲಿ ಅಲ್ಲಲ್ಲಿ ಸೊಟ್ಟ, ಅಲ್ಲಲ್ಲಿ ಸಡಿಲ. ತನ್ನ ಲಾಳಿಯಿಂದಲೇ ಅವನು ಅಷ್ಟು ಚೆಂದ ಹೊಲಿಸಿದನೆ! ಇದನ್ನು ಹಿಡಿದು ಹೋದರೆ ಊರು ಏನೆನ್ನುತ್ತದೆ? ಹೆಂಡತಿಯನ್ನು ಕಳೆದುಕೊಂಡವನು ಲೂಷಿಯಸ್‌ನ ಎಂಜಲನ್ನೂ ನೆಕ್ಕಿದ ಎನ್ನುತ್ತದೆ.

ಸುತ್ತಿಗೆ ಎತ್ತಿದ. ಮೊದಲು ಲಾಳಿ ಚೂರಾಯಿತು, ಆಮೇಲೆ ಯಂತ್ರದ ತೋಳು, ಆಮೇಲೆ ಚಕ್ರ. ನಕ್ಷೆಗಳನ್ನು ಕುಲುಮೆಗೆ ತುರುಕಿದ. ಅದೇ ಸುತ್ತಿಗೆ ಹಿಡಿದು ಚರ್ಚಿನ ಹಿಂದಕ್ಕೆ ನಡೆದ.

ಹಿತ್ತಿಲ ಬಾಗಿಲು ಎರಡನೆಯ ಏಟಿಗೆ ಮುರಿಯಿತು.

“ಬಾಗಿಲಿಗೆ ಅಡ್ಡ ನಿಲ್ಲಪ್ಪ, ಬೀದಿಯವರು ನೋಡ್ತಾರೆ!” ಎಂದು ಲೂಷಿಯಸ್ ಹೌಹಾರಿ ಎದ್ದ. ಮೇಜಿನ ಮೇಲೆ ಒಂದು ಯಂತ್ರವಿತ್ತು. ಅದಕ್ಕೆ ಸೂಜಿಯೇ ಇರಲಿಲ್ಲ, ಚಕ್ರಕ್ಕೆ ಜೇಡ ಬಲೆ ಕಟ್ಟಿತ್ತು. ಹಿತ್ತಿಲ ಕಡೆಯ ಕಿಟಕಿಯ ಬೆಳಕಿನಲ್ಲಿ ಥರ್ಜಾ ಕೂತಿದ್ದಳು. ಅವಳ ಮಡಿಲಲ್ಲಿ ಅರ್ಧ ಹೊಲಿದ ಬಿಳಿ ಬಟ್ಟೆ.

“ಹೇಳಿದ್ರೆ ನೀನು ಇಲ್ಲಿಗೆ ಬರೋಕೆ ಬಿಡ್ತಿದ್ಯಾ? ಎರಡು ವರ್ಷದಿಂದ ಮನೆ ಹೇಗೆ ನಡೀತು ಅನ್ಕೊಂಡೆ, ಈ ಹೊಲಿಗೆ ಕೂಲಿ ಇಲ್ದೆ?” ಎಂದಳು ಅವಳು ಬೆರಳಿನ ರಕ್ತ ಒರೆಸಿಕೊಳ್ಳುತ್ತಾ. “ಇವನ ಯಂತ್ರ ಇವತ್ತಿನವರೆಗೆ ಒಂದೇ ಒಂದು ಹೊಲಿಗೆ ಹಾಕಿಲ್ಲ ಜೋಥಮ್. ಹೋಗ್ತಾ ಒಂದು ದಾರ, ಬರ್ತಾ ಇನ್ನೊಂದು ದಾರ, ಎಲ್ಲಾ ನಾನೇ ಕೈಯಲ್ಲಿ ಹಾಕಿದ್ದು.”